ಹೊಟ್ಟೆಯ ಹುಣ್ಣು ಮತ್ತು ಅಯಸ್ಕಾಂತದ ಕಾವು

(ತಾವರಗೇರಾದಲ್ಲಿ ಸೇರಿದ ರೈತರ ಸಭೆಯಲ್ಲಿ ಗ್ರಾಮಸೇವಕರೊಬ್ಬರು ಮಾಡಿದ ಭಾಷಣ)



ನಾನು ವ್ಯವಸಾಯದ ಡಿಪ್ಲೊಮಾ ಓದಿದವನು, ವೈದ್ಯನಲ್ಲ. ನಿಮ್ಮ ಮುಂದೆ ನಿಂತಾಗಲೆಲ್ಲ ಬೀಜೋಪಚಾರ, ಗೊಬ್ಬರ, ಒಡ್ಡು ಹಾಕುವುದು ಇವುಗಳನ್ನೇ ಹೇಳುತ್ತ ಬಂದಿದ್ದೇನೆ. ಇಂದು ಹೊಟ್ಟೆಯ ಮಾತು ಆಡಬೇಕಾಗಿದೆ. ಅದಕ್ಕೆ ಕಾರಣಗಳು ಎರಡು.

ಮೊದಲನೆಯದು, ಒಬ್ಬ ರೈತರು ಕೇಳಿದ ಪ್ರಶ್ನೆ. ಸಂತೆಯಲ್ಲಿ ಒಬ್ಬನು ಅಯಸ್ಕಾಂತದ ಪಟ್ಟಿ ಮಾರುತ್ತಿದ್ದನಂತೆ. ಅದನ್ನು ಹೊಟ್ಟೆಗೆ ಕಟ್ಟಿಕೊಂಡರೆ ಎಷ್ಟು ಹಳೆಯ ಹುಣ್ಣಾದರೂ ಮಾಯುವುದೆಂದೂ, ವಿಜ್ಞಾನಿಗಳೇ ಇದನ್ನು ಒಪ್ಪಿದ್ದಾರೆಂದೂ ಹೇಳಿದನಂತೆ. "ಇದು ಖರೆಯೋ ಸುಳ್ಳೋ, ನೀವು ಓದಿದವರು ಹೇಳ್ರಿ" ಎಂದು ಅವರು ನನ್ನನ್ನು ಕೇಳಿದರು. ಆಗ ನನ್ನ ಬಾಯಲ್ಲಿ ಉತ್ತರವಿರಲಿಲ್ಲ. ಆ ಮೇಲೆ ಓದಿ ತಿಳಿದುಕೊಂಡೆ. ಆ ಉತ್ತರವನ್ನು ಈಗ ಕೊಡುತ್ತೇನೆ.

ಎರಡನೆಯ ಕಾರಣ ನನ್ನ ಸೋದರಮಾವ. ಅವರ ಸಂಗತಿಯನ್ನು ಮೊದಲು ಹೇಳಿಬಿಡುತ್ತೇನೆ.

ನನ್ನ ಮಾವನಿಗೆ ವರ್ಷಗಟ್ಟಲೆ ಹೊಟ್ಟೆಯುರಿ ಇತ್ತು. ಖಾರದ ಚಟ್ನಿಯ ದೋಷವೆಂದು ಅವರು ತಿಳಿದಿದ್ದರು. ಮೊಣಕಾಲು ನೋವಿಗೆ ಅಂಗಡಿಯಿಂದ ಗುಳಿಗೆ ತಂದು ನುಂಗಿ ಹೊಲಕ್ಕೆ ಹೋಗುವರು. ಒಂದು ದಿನ ಮಲ ಡಾಂಬರಿನಂತೆ ಕಪ್ಪಾಯಿತು; ತಲೆ ತಿರುಗಿ ಬಿದ್ದರು. ದೊಡ್ಡ ದವಾಖಾನೆಯಲ್ಲಿ ಬಾಯಿಯಿಂದ ನಳಿಗೆ ಇಳಿಸಿ ನೋಡಿದಾಗ ಜಠರದಲ್ಲಿ ಹುಣ್ಣು, ಹುಣ್ಣಿನ ಜೊತೆಗೆ ರೋಗಾಣು, ಎರಡೂ ಸಿಕ್ಕವು. 14 ದಿನ ತಪ್ಪದೆ ತೆಗೆದುಕೊಳ್ಳಲು ಗುಳಿಗೆ ಕೊಟ್ಟರು. ಐದಾರು ದಿನಕ್ಕೆ ಉರಿ ನಿಂತಿತು. "ಇನ್ನೇತಕ್ಕೆ?" ಎಂದು ಮಾವ ಉಳಿದ ಗುಳಿಗೆಗಳನ್ನು ಗೂಡಿನಲ್ಲಿಟ್ಟರು, ಮತ್ತೆ ನೋವು ಬಂದಾಗ ಬೇಕಾದೀತು ಎಂಬ ಜಾಣತನ. ಗೂಡಿನಲ್ಲಿದ್ದ ಆ ಗುಳಿಗೆಗಳನ್ನು ನಾನು ಕಣ್ಣಾರೆ ಕಂಡೆ. ಓದಿದವನಾಗಿಯೂ ಏನೂ ಹೇಳದೆ ಸುಮ್ಮನಿದ್ದೆ. ನಾಲ್ಕು ತಿಂಗಳಿಗೆ ನೋವು ಮರಳಿ ಬಂತು. ಮೊದಲಿನ ಔಷಧ ಈ ಸಲ ಸಾಲದೆಂದು ಡಾಕ್ಟರರು ಬೇರೆ ಔಷಧಗಳನ್ನು ಬರೆದರು. ಗುಳಿಗೆ ಹೆಚ್ಚು, ಖರ್ಚು ಹೆಚ್ಚು, ಸಂಕಟ ಹೆಚ್ಚು. ಅದರಲ್ಲಿಯೇ ಮುಂಗಾರಿನ ಹದವೂ ತಪ್ಪಿತು. ಅಂದು ನಾನು ಆಡದೆ ಬಿಟ್ಟ ಮಾತನ್ನೇ ಇಂದು ನಿಮ್ಮ ಮುಂದೆ ಆಡುತ್ತಿದ್ದೇನೆ ಎಂದು ತಿಳಿಯಿರಿ.

ಹುಣ್ಣಿಗೆ ಮೂಲ ಯಾವುದು?

ಹೊಟ್ಟೆಯ ಹುಣ್ಣು ಚಿಂತೆಯಿಂದಲೂ ಖಾರದಿಂದಲೂ ಆಗುವುದೆಂದು ಬಹುಕಾಲ ವೈದ್ಯರೂ ನಂಬಿದ್ದರು. ಜಠರದ ಹುಳಿ ರಸದಲ್ಲಿ ಯಾವ ಸೂಕ್ಷ್ಮಜೀವಿಯೂ ಬಾಳಲಾರದೆಂಬುದು ಅವರ ತರ್ಕ. ಆಸ್ಟ್ರೇಲಿಯಾದ ಪರ್ತ್ ಊರಿನ ರಾಬಿನ್ ವಾರನ್ ಮತ್ತು ಬ್ಯಾರಿ ಮಾರ್ಷಲ್ ಎಂಬ ಇಬ್ಬರು ವೈದ್ಯರು 1982ರಲ್ಲಿ ರೋಗಿಗಳ ಜಠರದಿಂದ ಒಂದು ಸುರುಳಿಯಾಕಾರದ ಬ್ಯಾಕ್ಟೀರಿಯಾವನ್ನು ಬೆಳೆಸಿ ತೋರಿಸಿದರು. ಇದರ ಹೆಸರು ಹೆಲಿಕೋಬ್ಯಾಕ್ಟರ್ ಪೈಲೋರಿ. ಜನ ನಂಬಲಿಲ್ಲ. ಆಗ ಮಾರ್ಷಲ್ ಅವರು 1984ರಲ್ಲಿ ಆ ಬ್ಯಾಕ್ಟೀರಿಯಾ ಇರುವ ದ್ರವವನ್ನು ತಾವೇ ಕುಡಿದರು. ಕೆಲವೇ ದಿನಗಳಲ್ಲಿ ಅವರಿಗೆ ವಾಂತಿ ಹತ್ತಿತು. ಜಠರದ ಒಳಪದರ ಉರಿಗೊಂಡದ್ದು ಪರೀಕ್ಷೆಯಲ್ಲಿ ಕಂಡಿತು. 2005ರಲ್ಲಿ ಇವರಿಬ್ಬರಿಗೂ ನೊಬೆಲ್ ಪಾರಿತೋಷಕ ದೊರೆಯಿತು.

ನಮ್ಮ ದೇಶದಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಹೊಟ್ಟೆಯಲ್ಲಿ ಈ ಜೀವಿ ಇದೆಯೆಂದು ಲೆಕ್ಕ. ಗಾಬರಿಯಾಗಬೇಡಿರಿ, ಹೆಚ್ಚಿನವರಿಗೆ ಜೀವಮಾನದಲ್ಲಿ ಏನೂ ತೊಂದರೆಯಾಗದು. ಕೆಲವರಿಗೆ ಹುಣ್ಣಾಗುವುದು. ಬಹಳ ಕಡಿಮೆ ಮಂದಿಗೆ ಅನೇಕ ವರ್ಷಗಳ ತರುವಾಯ ಜಠರದ ಕ್ಯಾನ್ಸರ್ ಆಗಬಹುದು. ಆದ್ದರಿಂದಲೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1994ರಲ್ಲಿ ಇದನ್ನು ಕ್ಯಾನ್ಸರಿಗೆ ಕಾರಣವಾಗುವ ಜೀವಿಯೆಂದು ಸಾರಿತು. ಹುಣ್ಣಿಗೆ ಇನ್ನೊಂದು ದೊಡ್ಡ ಕಾರಣ ನೋವಿನ ಗುಳಿಗೆಗಳನ್ನು ಮನಬಂದಂತೆ ನುಂಗುವುದು. ಖಾರವು ಇರುವ ಉರಿಯನ್ನು ಹೆಚ್ಚಿಸೀತೇ ಹೊರತು ಹುಣ್ಣನ್ನು ಹುಟ್ಟಿಸುವ ಮೂಲ ಅದಲ್ಲ.

ರೈತರಿಗೆ ಗೊತ್ತಿರುವ ಉಪಾಯ

ಅಂಥ ಹುಳಿಯಲ್ಲಿ ಈ ಜೀವಿ ಹೇಗೆ ಬದುಕುವುದು? ಇದಕ್ಕೆ ಉತ್ತರ ನಿಮ್ಮ ಹೊಲದಲ್ಲಿಯೇ ಇದೆ. ಯೂರಿಯಾವನ್ನು ಹಸಿ ನೆಲದ ಮೇಲೆ ಚೆಲ್ಲಿ ಮಣ್ಣು ಮುಚ್ಚದೆ ಬಿಟ್ಟರೆ ಮೂಗಿಗೆ ಬಡಿಯುವ ಘಾಟು ಏಳುವುದು. ಅದು ಅಮೋನಿಯ. ಮಣ್ಣಿನ ಸೂಕ್ಷ್ಮಜೀವಿಗಳು ಯೂರಿಯೇಸ್ ಎಂಬ ಕಿಣ್ವದಿಂದ ಯೂರಿಯಾವನ್ನು ಒಡೆದು ಅಮೋನಿಯ ಮಾಡುತ್ತವೆ. ನಮ್ಮ ದೇಹದಲ್ಲಿಯೂ ಸ್ವಲ್ಪ ಯೂರಿಯಾ ಇರುವುದು. ಜಠರದ ರಸದಲ್ಲಿಯೂ ಇರುವುದು. ಈ ಪೈಲೋರಿ ಜೀವಿ ಅದೇ ಕಿಣ್ವದಿಂದ ಅದೇ ಕೆಲಸವನ್ನು ಹೊಟ್ಟೆಯಲ್ಲಿ ಮಾಡುವುದು. ಹುಟ್ಟಿದ ಅಮೋನಿಯ ಸುತ್ತಲಿನ ಹುಳಿಯನ್ನು ಮುರಿಯುವುದು. ಹುಳಿ ಮುರಿದಲ್ಲಿ ಜಠರದ ಲೋಳೆ ತೆಳ್ಳಗಾಗುವುದು. ಆಗ ಈ ಜೀವಿ ತಿರುಪಿನ ಮೊಳೆಯಂತೆ ತಿರುಗುತ್ತ ಲೋಳೆಯೊಳಗೆ ನುಗ್ಗಿ, ಹುಳಿಯೂ ಔಷಧವೂ ಸುಲಭವಾಗಿ ತಲುಪದ ಕಡೆಗೆ ಮನೆ ಮಾಡಿಕೊಳ್ಳುವುದು.

ಇದನ್ನು ಹಿಡಿಯುವ ಒಂದು ಪರೀಕ್ಷೆಯೂ ಈ ಗುಟ್ಟಿನ ಮೇಲೆಯೇ ನಿಂತಿದೆ. ಗುರುತು ಹಾಕಿದ ಇಂಗಾಲವಿರುವ ಸ್ವಲ್ಪ ಯೂರಿಯಾವನ್ನು ಕುಡಿಸಿ, ರೋಗಿಯ ಉಸಿರನ್ನು ಪರೀಕ್ಷಿಸುತ್ತಾರೆ. ಗುರುತಿನ ಇಂಗಾಲ ಉಸಿರಿನಲ್ಲಿ ಹೊರಬಂದರೆ ಒಳಗೆ ಕಳ್ಳನಿದ್ದಾನೆಂದು ಅರ್ಥ. ಮಲದ ಪರೀಕ್ಷೆಯಿಂದಲೂ, ನಳಿಗೆ ಇಳಿಸಿ ನೋಡುವುದರಿಂದಲೂ ಇದನ್ನು ತಿಳಿಯಬಹುದು.

ಅಯಸ್ಕಾಂತದಿಂದ ಕಾವು ಹೇಗೆ?

ಈಗ ಸಂತೆಯ ಪ್ರಶ್ನೆಗೆ ಬರೋಣ. ಅಯಸ್ಕಾಂತದಿಂದ ರೋಗಾಣುವನ್ನು ಕೊಲ್ಲಬಹುದೇ? ವಿಜ್ಞಾನಿಗಳು ಪ್ರಯತ್ನಿಸುತ್ತಿರುವುದು ನಿಜ. ಆದರೆ ಸಂತೆಯ ಪಟ್ಟಿಗೂ ಅದಕ್ಕೂ ಸಂಬಂಧವಿಲ್ಲ.

ಕಬ್ಬಿಣದ ಆಕ್ಸೈಡು ನಮಗೆ ಹೊಸದಲ್ಲ. ತುಕ್ಕಿನಲ್ಲಿಯೂ ಸಂಡೂರಿನ ಗುಡ್ಡಗಳ ಅದಿರಿನಲ್ಲಿಯೂ ಇರುವುದು ಅದರ ಬಗೆಗಳೇ. ಇದರ ಒಂದು ಕಪ್ಪು ಬಗೆಯನ್ನು ಅಯಸ್ಕಾಂತ ಬಲವಾಗಿ ಸೆಳೆಯುವುದು. ಅದರಿಂದ ಅತಿ ಸಣ್ಣ ಕಣಗಳನ್ನು ಮಾಡುತ್ತಾರೆ. ಇವಕ್ಕೆ ನ್ಯಾನೊ ಕಣಗಳೆಂದು ಹೆಸರು. ಎಷ್ಟು ಸಣ್ಣವು? ಒಂದು ಮೀಟರನ್ನು 100 ಕೋಟಿ ಭಾಗ ಮಾಡಿದರೆ ಒಂದು ಭಾಗ ಒಂದು ನ್ಯಾನೊಮೀಟರು. ಇಂಥ ಕಣ ಸಾಮಾನ್ಯವಾಗಿ 10ರಿಂದ 20 ನ್ಯಾನೊಮೀಟರು ಇರುವುದು. ಪೈಲೋರಿ ಜೀವಿಯ ಉದ್ದ ಸುಮಾರು 3,000 ನ್ಯಾನೊಮೀಟರು. ಆ ಜೀವಿಯನ್ನು ಎತ್ತಿನ ಬಂಡಿಯಷ್ಟು ದೊಡ್ಡದೆಂದು ಭಾವಿಸಿದರೆ ಕಣವು ಒಂದು ಹುಣಸೆ ಬೀಜದಷ್ಟಾಗುವುದು.

ಈ ಕಣಗಳ ಸುತ್ತ ತಂತಿಯ ಸುರುಳಿಯೊಂದನ್ನು ಇಟ್ಟು, ಅದರಲ್ಲಿ ದಿಕ್ಕು ಬದಲಿಸುವ ವಿದ್ಯುತ್ತನ್ನು ಹರಿಸುತ್ತಾರೆ. ಸೆಕೆಂಡಿಗೆ ಲಕ್ಷದಷ್ಟು ಸಲ ಅಯಸ್ಕಾಂತದ ದಿಕ್ಕು ಅತ್ತಿತ್ತ ತಿರುಗುವುದು. ಅದರ ಹಿಂದೆ ಕಣಗಳ ಅಯಸ್ಕಾಂತ ಗುಣವೂ ತಿರುಗಲು ಹೆಣಗುವುದು. ಆ ಹೆಣಗಾಟವೇ ಕಾವಾಗುವುದು. ಈಗ ಎಷ್ಟೋ ಮನೆಗಳಲ್ಲಿ ಇಂಡಕ್ಷನ್ ಒಲೆ ಇದೆ. ಅದರ ಮೇಲೆ ಕಬ್ಬಿಣದ ಹಂಚು ಇಟ್ಟರೆ ಕಾಯುವುದು. ಮಣ್ಣಿನ ಗಡಿಗೆ ಇಟ್ಟರೆ ಕಾಯದು. ಒಳಗಿನ ವಿವರದಲ್ಲಿ ವ್ಯತ್ಯಾಸ ಉಂಟಾದರೂ ದೂರದಿಂದಲೇ ಕಬ್ಬಿಣವನ್ನು ಕಾಯಿಸುವ ಉಪಾಯ ಒಂದೇ ಜಾತಿಯದು.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ನೆನಪಿಡಬೇಕು. ಪಟ್ಟಿಯಲ್ಲಿ ಹೊಲಿದ ಅಯಸ್ಕಾಂತ ಸುಮ್ಮನೆ ಕುಳಿತಿರುವುದು. ಅದರ ದಿಕ್ಕು ಬದಲಾಗದು. ಎತ್ತು ನಿಂತಲ್ಲೇ ನಿಂತರೆ ಗಾಣ ತಿರುಗೀತೇ? ಮೇಲಾಗಿ ನಿಮ್ಮ ಹೊಟ್ಟೆಯಲ್ಲಿ ಆ ಕಣಗಳೂ ಇರುವುದಿಲ್ಲ. ಗಾಣವೂ ಇಲ್ಲ, ಎತ್ತೂ ನಡೆಯದು. ಎಣ್ಣೆ ಎಲ್ಲಿಂದ ಬಂದೀತು? ಅಯಸ್ಕಾಂತದ ನೀರು ಎಂದು ಮಾರುವುದೂ ಇದೇ ತರಹದ ಮಾತು.

ನಮ್ಮ ಬೆಂಗಳೂರಿನ ಕೆಲಸ

ಕಾವಿನಿಂದ ರೋಗಾಣು ಕೊಲ್ಲುವ ಈ ವಿದ್ಯೆಯಲ್ಲಿ ನಮ್ಮ ನಾಡಿನವರೂ ಹಿಂದೆ ಬಿದ್ದಿಲ್ಲ. 1909ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ನಮ್ಮ ಜನ ಟಾಟಾ ಇನ್ಸ್ಟಿಟ್ಯೂಟ್ ಎಂದೂ ಕರೆಯುತ್ತಾರೆ. ಅಲ್ಲಿ ಅಂಬರೀಶ್ ಘೋಷ್ ಎಂಬ ಪ್ರಾಧ್ಯಾಪಕರಿದ್ದಾರೆ. ಅವರು 2009ರಲ್ಲಿ ಅಮೆರಿಕದಲ್ಲಿದ್ದಾಗ ಪೀರ್ ಫಿಶರ್ ಎಂಬ ವಿಜ್ಞಾನಿಯ ಜೊತೆಗೂಡಿ, ತಿರುಪಿನಾಕಾರದ ಅತಿ ಸಣ್ಣ ಕಣಗಳನ್ನು ಅಯಸ್ಕಾಂತದ ಬಲದಿಂದ ನೀರಿನಲ್ಲಿ ಬೇಕಾದ ಕಡೆಗೆ ನಡೆಸಿ ತೋರಿಸಿದ್ದರು.

ಮುಂದೆ ಬೆಂಗಳೂರಿನಲ್ಲಿ ಇವರೂ ಇವರ ಜೊತೆಗಾರರೂ, ಸಂಸ್ಥೆಯ ಆಶ್ರಯದಲ್ಲಿ ಹುಟ್ಟಿದ ಥೆರನಾಟಿಲಸ್ ಎಂಬ ಕಂಪನಿಯೂ ಕೂಡಿ ಹಲ್ಲಿನ ಮೇಲೆ ಪ್ರಯೋಗ ಮಾಡಿ 2022ರಲ್ಲಿ ಪ್ರಕಟಿಸಿದರು. ಹುಳುಕು ಹಲ್ಲಿನ ಬೇರನ್ನು ಶುಚಿ ಮಾಡಿ ತುಂಬಿದ ಮೇಲೆಯೂ, ಹಲ್ಲಿನ ಗೋಡೆಯಲ್ಲಿರುವ ಕೂದಲಿಗಿಂತ ಸಣ್ಣ ನಾಳಗಳಲ್ಲಿ ಬ್ಯಾಕ್ಟೀರಿಯಾ ಅಡಗಿ ಉಳಿಯುವುದುಂಟು. ಆಗ ನೋವು ಮರಳಿ ಬರುವುದು. ಇವರು ಸಿಲಿಕಾದಿಂದ ಮಾಡಿ ಕಬ್ಬಿಣ ಲೇಪಿಸಿದ ತಿರುಪಿನ ಕಣಗಳನ್ನು ಕಿತ್ತ ಹಲ್ಲುಗಳೊಳಗೆ ಬಿಟ್ಟು, ಅಯಸ್ಕಾಂತ ಕ್ಷೇತ್ರದಿಂದ ಸುಮಾರು 2 ಮಿಲಿಮೀಟರು ಆಳಕ್ಕೆ ನಡೆಸಿದರು. ಅಲ್ಲಿ ಕ್ಷೇತ್ರವನ್ನು ಬದಲಿಸಿ ಕಣಗಳ ಮೈ ಕಾಯುವಂತೆ ಮಾಡಿ, ಪಕ್ಕದ ಬ್ಯಾಕ್ಟೀರಿಯಾಗಳನ್ನು ಕೊಂದರು. ಬೇಕಾದಾಗ ಕಣಗಳನ್ನು ಹೊರಗೆ ತರಲೂ ಬಂದಿತು.

ಹಲ್ಲಾಯಿತು, ಜಠರದ ಗತಿಯೇನು? ಅಲ್ಲಿ ಲೋಳೆಯನ್ನು ದಾಟುವುದೇ ಮೊದಲ ತೊಡಕು. ಅದೇ ಪೀರ್ ಫಿಶರ್ ಅವರ ತಂಡವು 2015ರಲ್ಲಿ ಜರ್ಮನಿಯಲ್ಲಿ ಒಂದು ಚಮತ್ಕಾರ ಮಾಡಿತು. ತಿರುಪಿನ ಕಣಗಳಿಗೆ ಯೂರಿಯೇಸ್ ಕಿಣ್ವವನ್ನು ಅಂಟಿಸಿ, ಯೂರಿಯಾ ಬೆರೆಸಿದ ಹುಳಿ ಲೋಳೆಯಲ್ಲಿ ಬಿಟ್ಟಿತು. ಪೈಲೋರಿ ಜೀವಿಯಂತೆಯೇ ಅವು ಲೋಳೆಯನ್ನು ತೆಳ್ಳಗೆ ಮಾಡಿಕೊಂಡು ಮುಂದೆ ಸಾಗಿದವು. ಕಳ್ಳನ ಕೀಲಿಕೈಯಿಂದಲೇ ಕಳ್ಳನ ಮನೆಯ ಬೀಗ ತೆಗೆದಂತಾಯಿತು. 2019ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ಕಬ್ಬಿಣದ ಆಕ್ಸೈಡಿನ ಕಣಗಳ ಕಾವನ್ನೂ ಅಮಾಕ್ಸಿಸಿಲಿನ್ ಔಷಧವನ್ನೂ ಒಟ್ಟಿಗೆ ಕೊಟ್ಟಾಗ ಪೈಲೋರಿ ಜೀವಿಯ ಬೆಳವಣಿಗೆ ಬೇರೆ ಬೇರೆಯಾಗಿ ಕೊಟ್ಟಾಗಿಗಿಂತ ಹೆಚ್ಚು ಕುಗ್ಗಿತು. ಆದರೆ ಇದು ಗಾಜಿನ ಪಾತ್ರೆಯಲ್ಲಿ ನಡೆದ ಕೆಲಸ. ಮನುಷ್ಯನ ಹೊಟ್ಟೆಯಲ್ಲಿ ಅಲ್ಲ.

ತಡ ಏಕೆ?

ಪ್ರಯೋಗಾಲಯದ ತಟ್ಟೆಯಲ್ಲಿ ಬಂದ ಫಲ ಹೊಟ್ಟೆಯಲ್ಲಿ ಬರಬೇಕಾದರೆ ದಾರಿ ದೂರ. ಕೃಷಿ ಸಂಶೋಧನಾ ಕೇಂದ್ರದಲ್ಲಿ ಚೆನ್ನಾಗಿ ಬಂದ ತಳಿಯನ್ನು ನಾಲ್ಕಾರು ವರ್ಷ ಹಲವು ಹೊಲಗಳಲ್ಲಿ ಬೆಳೆದು ನೋಡಿದ ಮೇಲಲ್ಲವೇ ನಿಮ್ಮ ಕೈಗೆ ಕೊಡುವುದು? ಇಲ್ಲಿಯೂ ಹಾಗೆಯೇ. ಜಠರದ ಹುಳಿ ಕಣಗಳನ್ನು ಕರಗಿಸದಂತೆ ಲೇಪ ಬೇಕು. ಜಠರವು ಕೆಲವು ತಾಸುಗಳಲ್ಲಿ ಒಳಗಿನದನ್ನೆಲ್ಲ ಕೆಳಗೆ ತಳ್ಳುವುದು. ಅಷ್ಟರೊಳಗೆ ಕಣಗಳು ಶತ್ರುವಿನ ಬಳಿ ಸೇರಬೇಕು. ರೋಗಾಣು ಸಾಯುವಷ್ಟು ಕಾವು ಬೇಕು; ನಮ್ಮ ಜಠರದ ಪದರ ಸುಡಬಾರದು. ಒಂದೆರಡು ಕಣಗಳ ಕಾವನ್ನು ಸುತ್ತಲಿನ ನೀರೂ ರಕ್ತವೂ ಕ್ಷಣದಲ್ಲಿ ಹೀರಿಬಿಡುವುವು. ಬಹಳ ಕಣಗಳು ಒಂದೆಡೆ ಕೂಡಬೇಕು. ತಟ್ಟೆಗೆ ಸಾಕಾದ ತಂತಿಯ ಸುರುಳಿ ಮನುಷ್ಯನ ಮೈಗೆ ಸಾಲದು. ಇವೆಲ್ಲ ಬಗೆಹರಿದು, ಪ್ರಾಣಿಗಳಲ್ಲಿಯೂ ಆ ಮೇಲೆ ಮನುಷ್ಯರಲ್ಲಿಯೂ ಪರೀಕ್ಷೆಯಾಗಿ, ಸರ್ಕಾರದ ಒಪ್ಪಿಗೆ ದೊರೆಯಬೇಕು. ಮೆದುಳಿನ ಗಡ್ಡೆಗೆ ಇಂಥ ಕಾವಿನ ಚಿಕಿತ್ಸೆಯನ್ನು ಜರ್ಮನಿಯಲ್ಲಿ ರೋಗಿಗಳಿಗೆ ಕೊಟ್ಟದ್ದುಂಟು. ಹೊಟ್ಟೆಯ ರೋಗಾಣುವಿಗೆ ಇದು ಇನ್ನೂ ದವಾಖಾನೆಯ ಚಿಕಿತ್ಸೆಯಾಗಿಲ್ಲ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವುದು ಬೇಡ.

ಇಷ್ಟು ಕಷ್ಟಪಡುವುದೇಕೆ, ಗುಳಿಗೆ ಇದೆಯಲ್ಲ ಎಂದು ನೀವು ಕೇಳಬಹುದು. ಪ್ರಶ್ನೆಯ ಬೇರು ಇಲ್ಲಿಯೇ ಇದೆ. ಗುಳಿಗೆಗಳ ಬಲ ಕುಂದುತ್ತಿದೆ.

ದಾಳಿಂಬೆ ಕಲಿಸಿದ ಪಾಠ

ಕುಷ್ಟಗಿ ಸೀಮೆಯ ದಾಳಿಂಬೆ ಬೆಳೆಗಾರರಿಗೆ ನಾನು ದುಂಡಾಣು ಅಂಗಮಾರಿಯ ಕಥೆ ಹೇಳಬೇಕಾಗಿಲ್ಲ. ಕಾಯಿಯ ಮೇಲೆ ಕಪ್ಪು ಚುಕ್ಕೆ, ಆ ಮೇಲೆ ಬಿರುಕು, ಕೊನೆಗೆ ತೋಟವನ್ನೇ ಕಿತ್ತೆಸೆದ ಸಂಕಟ ನಿಮ್ಮಲ್ಲಿ ಕೆಲವರದು. ಅದೂ ಬ್ಯಾಕ್ಟೀರಿಯಾದ ರೋಗವೇ. ಅದಕ್ಕೆ ಸ್ಟ್ರೆಪ್ಟೊಸೈಕ್ಲಿನ್ ಪುಡಿಯನ್ನು ಸಿಂಪಡಿಸುತ್ತಿದ್ದೆವು. ಅದು ಮನುಷ್ಯರ ಔಷಧವಾದ ಪ್ರತಿಜೀವಕವೇ ಆಗಿತ್ತು. ಅಳತೆ ತಪ್ಪಿ, ಹೊತ್ತು ತಪ್ಪಿ ಸಿಂಪಡಿಸಿದರೆ ದುರ್ಬಲ ಜೀವಿಗಳು ಸಾಯುವುವು, ಬಲಿಷ್ಠವಾದವು ಉಳಿದು ಸಂತಾನ ಬೆಳೆಸುವುವು. ಈ ಭಯದಿಂದಲೇ ಕೇಂದ್ರ ಸರ್ಕಾರ, 2024ರ ಜನವರಿಯಿಂದ ಅದನ್ನು ಬೆಳೆಗಳಿಗೆ ಬಳಸುವುದನ್ನು ಪೂರ್ತಿಯಾಗಿ ನಿಷೇಧಿಸುವ ಕರಡು ಆದೇಶವನ್ನು 2021ರಲ್ಲಿ ಹೊರಡಿಸಿತು.

ಕಳೆ ತೆಗೆಯುವಾಗ ಮೇಲಿನ ಎಲೆ ಹರಿದು ಬೇರು ಬಿಟ್ಟರೆ ಏನಾಗುವುದೆಂದು ನಿಮಗೆ ಗೊತ್ತು. ಕರಿಕೆಯನ್ನು ಅರ್ಧ ಅಗೆದು ಬಿಟ್ಟವನ ಹೊಲ ಮರುವರ್ಷ ಹೇಗಿರುವುದೆಂದೂ ಗೊತ್ತು. ನನ್ನ ಮಾವ ಹೊಟ್ಟೆಯಲ್ಲಿ ಮಾಡಿದ್ದು ಇದನ್ನೇ. ಪೈಲೋರಿಗೆ ಹಿಂದೆ ಚೆನ್ನಾಗಿ ನಾಟುತ್ತಿದ್ದ ಕ್ಲಾರಿತ್ರೊಮೈಸಿನ್, ಮೆಟ್ರೊನಿಡಜೋಲ್ ಔಷಧಗಳು ಈಗ ಅನೇಕರಲ್ಲಿ ನಾಟುತ್ತಿಲ್ಲ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಹೊಸ ಔಷಧ ಅವಶ್ಯವಾಗಿ ಬೇಕಾದ ಬ್ಯಾಕ್ಟೀರಿಯಾಗಳ ಪಟ್ಟಿ ಮಾಡಿದಾಗ, ಕ್ಲಾರಿತ್ರೊಮೈಸಿನ್‌ಗೆ ಬಗ್ಗದ ಪೈಲೋರಿಯನ್ನೂ ಅದರಲ್ಲಿ ಸೇರಿಸಿತು. ಕಾವಿನ ದಾರಿ ಹುಡುಕುತ್ತಿರುವುದು ಇದಕ್ಕಾಗಿಯೇ. ಔಷಧಕ್ಕೆ ಬಗ್ಗದ ಜೀವಿಯೂ ಬೆಂಕಿಗೆ ಬಗ್ಗೀತು ಎಂಬುದು ಆಸೆ. ಅದು ಬರುವ ತನಕ ಇರುವ ಔಷಧಗಳನ್ನು ಬಿತ್ತನೆ ಬೀಜದಂತೆ ಕಾಪಾಡಿಕೊಳ್ಳಬೇಕಾದವರು ನಾವು.

ಮಾಡಬೇಕಾದದ್ದು

ಆದ್ದರಿಂದ ಈ ಕೆಲವು ಮಾತುಗಳನ್ನು ಮನೆಗೆ ಕೊಂಡೊಯ್ಯಿರಿ.

ಒಂದು: ಮೇಲುಹೊಟ್ಟೆಯ ಉರಿ, ನೋವು ಕೆಲವು ವಾರ ಬಿಡದಿದ್ದರೆ ದವಾಖಾನೆಗೆ ಹೋಗಿರಿ. ಡಾಂಬರಿನಂಥ ಕಪ್ಪು ಮಲ, ರಕ್ತದ ವಾಂತಿ, ಕಾರಣವಿಲ್ಲದೆ ಮೈ ಇಳಿಯುವುದು, ಅನ್ನ ನುಂಗಲು ತೊಡಕು, ಇವು ಕಂಡರೆ ಒಂದು ದಿನವೂ ತಡ ಮಾಡಬೇಡಿರಿ. ಕಬ್ಬಿಣದ ಗುಳಿಗೆ ನುಂಗುವ ತಾಯಂದಿರಿಗೆ ಮಲ ಕಪ್ಪಾಗುವುದು ಸಹಜ. ಆದರೆ ತಲೆ ತಿರುಗುವುದು, ಅಂಟಾದ ಕೆಟ್ಟ ವಾಸನೆಯ ಮಲ ಇದ್ದರೆ ಕೇಳಲೇಬೇಕು.

ಎರಡು: ನೋವಿನ ಗುಳಿಗೆಯನ್ನು ಅಂಗಡಿಯಿಂದ ತಂದು ದಿನಾಲೂ ನುಂಗುವುದನ್ನು ಬಿಡಿರಿ. ಡಾಕ್ಟರರ ಬಳಿ ಹೋದಾಗ ನೀವು ಏನೇನು ನುಂಗುತ್ತೀರೆಂದು ಮುಚ್ಚಿಡದೆ ಹೇಳಿರಿ. ಯಾವುದಾದರೂ ಔಷಧ ಮೈಗೆ ಒಗ್ಗದಿದ್ದರೆ, ಬಸುರಿಯಾಗಿದ್ದರೆ, ಅದನ್ನೂ ಹೇಳಿರಿ.

ಮೂರು: ರೋಗಾಣು ಇದೆಯೆಂದು ಪರೀಕ್ಷೆಯಲ್ಲಿ ಕಂಡು ಗುಳಿಗೆ ಬರೆದುಕೊಟ್ಟರೆ, ಹೇಳಿದಷ್ಟು ದಿನವೂ ಹೇಳಿದ ಹೊತ್ತಿಗೆ ನುಂಗಿರಿ. ಸಾಮಾನ್ಯವಾಗಿ ಅದು 14 ದಿನ. ಬಾಯಿ ಕಹಿಯಾಗಬಹುದು, ಹೊಟ್ಟೆ ತೊಳೆಸಬಹುದು. ತಡೆಯಲಾಗದಿದ್ದರೆ ಡಾಕ್ಟರರನ್ನು ಕೇಳಿರಿ, ನೀವಾಗಿ ಬಿಡಬೇಡಿರಿ. ಆ ದಿನಗಳಲ್ಲಿ ಸೆರೆ ಕುಡಿಯಲೇಬಾರದು. ಉಳಿಸಿ ಗೂಡಿನಲ್ಲಿಡುವುದು, ನೆರೆಯವರಿಗೆ ಕೊಡುವುದು ಸಲ್ಲದು.

ನಾಲ್ಕು: ಗುಳಿಗೆ ಮುಗಿದು ನಾಲ್ಕು ವಾರವಾದ ಮೇಲೆ ಮತ್ತೊಮ್ಮೆ ಪರೀಕ್ಷೆ ಮಾಡಿಸಿ, ರೋಗಾಣು ಹೋಗಿದೆಯೇ ಎಂದು ತಿಳಿಯಿರಿ. ಉರಿ ನಿಂತದ್ದೇ ಗುಣವಾದ ಗುರುತಲ್ಲ. ಹುಳಿ ತಗ್ಗಿಸುವ ಗುಳಿಗೆಯನ್ನು ಪರೀಕ್ಷೆಗೆ ಎರಡು ವಾರ ಮುಂಚೆ ನಿಲ್ಲಿಸಬೇಕಾಗುವುದು; ಇದನ್ನು ಡಾಕ್ಟರರಿಂದ ಕೇಳಿ ತಿಳಿಯಿರಿ.

ಐದು: ಈ ಜೀವಿ ಬಹುಮಟ್ಟಿಗೆ ಚಿಕ್ಕಂದಿನಲ್ಲಿಯೇ ಮನೆಯವರಿಂದ ಮಕ್ಕಳಿಗೆ ಅಂಟುವುದು. ಶೌಚದ ಮೇಲೆಯೂ ಉಣ್ಣುವ ಮೊದಲೂ ಸಾಬೂನಿನಿಂದ ಕೈ ತೊಳೆಯಿರಿ. ಶುದ್ಧ ನೀರು ಕುಡಿಯಿರಿ, ಶೌಚಾಲಯ ಬಳಸಿರಿ. ತಾಯಂದಿರೇ, ನೀವು ಅಗಿದ ತುತ್ತನ್ನು ಕೂಸಿನ ಬಾಯಿಗೆ ಇಡಬೇಡಿರಿ. ಕೈಯಿಂದ ಮಿದ್ದು ಕೊಡಿರಿ.

ಸಂತೆಯ ಪಟ್ಟಿಯ ವಿಷಯ ಕೇಳಿದ ಆ ರೈತರು ಇಲ್ಲಿಯೇ ಕುಳಿತಿದ್ದಾರೆ. ಅವರಿಗೆ ನನ್ನ ಉತ್ತರ ಇಷ್ಟು: ವಿಜ್ಞಾನಿಗಳ ಅಯಸ್ಕಾಂತ ಖರೆ, ಸಂತೆಯ ಅಯಸ್ಕಾಂತ ಸುಳ್ಳು. ಖರೆಯದು ಇನ್ನೂ ದಾರಿಯಲ್ಲಿದೆ. ಆ ಪಟ್ಟಿಗೆ ಕೊಡುವ ಹಣ ಕುಷ್ಟಗಿಗೆ ಹೋಗಿಬರುವ ಬಸ್ಸಿಗೂ ಒಂದು ಪರೀಕ್ಷೆಗೂ ಉಪಯೋಗವಾಗಲಿ.

ನನ್ನ ಮಾವ ಎರಡನೆಯ ಸಲದ ಗುಳಿಗೆಗಳನ್ನು ಒಂದೂ ಬಿಡದೆ ಮುಗಿಸಿದರು. ಗೋಡೆಯ ಮೇಲೆ ಇದ್ದಲಿನಿಂದ ದಿನಕ್ಕೊಂದು ಗೆರೆ ಎಳೆಯುತ್ತಿದ್ದರು. 14 ಗೆರೆಗಳಾದವು, ಮರುಪರೀಕ್ಷೆಯಲ್ಲಿ ರೋಗಾಣು ಕಾಣಲಿಲ್ಲ. ಆ ಗೆರೆಗಳು ಈಗಲೂ ಗೋಡೆಯ ಮೇಲಿವೆ. ನಿಮ್ಮ ಮನೆಯಲ್ಲಿ ಯಾರಾದರೂ ಇಂಥ ಗುಳಿಗೆ ನುಂಗುತ್ತಿದ್ದರೆ, ಗೋಡೆಯ ಮೇಲಿನ ಗೆರೆಗಳನ್ನು ನೀವೂ ಎಣಿಸಿರಿ, ನನ್ನಂತೆ ಸುಮ್ಮನಿರಬೇಡಿರಿ.